ಪುರುಷಸ್ತನವೃದ್ಧಿ ಮತ್ತು ಅದರ ಶಸ್ತ್ರಚಿಕಿತ್ಸೆ

ಪುರುಷನ ಎದೆಯಲ್ಲಿ ಸ್ತನವು ಬೆಳೆದು ಸ್ತ್ರೀಸ್ತನದ ಆಕಾರವನ್ನು ತಾಳುವ ಸ್ಥಿತಿಗೆ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ‘ಗೈನೆಕೊಮಾಸ್ಟಿಯ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಸ್ತ್ರೀ’ ಮತ್ತು ‘ಸ್ತನ’ ಎಂಬ ಅರ್ಥವುಳ್ಳ ಎರಡು ಶಬ್ದಗಳು ಕೂಡಿ ಆದ ಮಾತು ಇದು. ಕ್ರಿ. ಶ. ಎರಡನೆಯ ಶತಮಾನದ ವೈದ್ಯನಾದ ಗೇಲೆನನ ಬರೆಹಗಳಿಂದ ಇದು ಬಳಕೆಗೆ ಬಂದಿದೆ. ಕನ್ನಡದಲ್ಲಿ ಇದನ್ನು ‘ಪುರುಷಸ್ತನವೃದ್ಧಿ’ ಎಂದು ಕರೆಯಬಹುದು. ಈ ವಿಷಯವನ್ನು ಕುರಿತು ನಮ್ಮ ಭಾಷೆಯಲ್ಲಿ ಬರೆಯುವವರು ವಿರಳ. ಇದರಿಂದ ಕೊರಗುವವರು ಮಾತ್ರ ವಿರಳರಲ್ಲ. ಸಂಕೋಚವು ರೋಗಿಯ ಬಾಯನ್ನು ಕಟ್ಟುವಂತೆ ಲೇಖಕನ ಕೈಯನ್ನೂ ಕಟ್ಟಿರಬಹುದು. ಈ ವ್ಯಾಧಿಯ ಶಸ್ತ್ರಚಿಕಿತ್ಸೆಯು ಯಾವ ತತ್ತ್ವದ ಮೇಲೆ ನಿಂತಿದೆ, ಅದು ಇಂದಿನ ರೂಪಕ್ಕೆ ಹೇಗೆ ಬಂದಿತು, ಯಾರಿಗೆ ಅದು ಉಚಿತ, ಯಾರಿಗೆ ಅನುಚಿತ ಎಂಬುದನ್ನು ವೈದ್ಯರಲ್ಲದ ವಾಚಕರಿಗೂ ತಿಳಿಯುವಂತೆ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಬೆಳವಣಿಗೆಯಿಂದ ಪ್ರಾಣಾಪಾಯವಿಲ್ಲ. ಆರಂಭದಲ್ಲಿ ಕೊಂಚ ನೋವು ತೋರಿದರೂ ಬಹುಮಟ್ಟಿಗೆ ಅದು ತಾನಾಗಿ ಅಡಗುತ್ತದೆ. ದೇಹದ ಯಾವ ವ್ಯಾಪಾರಕ್ಕೂ ಅಡ್ಡಿಯಿಲ್ಲ. ಹಾಗಾದರೆ ಕತ್ತಿಯನ್ನು ಹಿಡಿಯುವುದೇಕೆ? ರೋಗಿಯು ವೈದ್ಯನಲ್ಲಿಗೆ ಬರುವುದು ದೇಹದ ಬಾಧೆಯಿಂದಲ್ಲ, ಕಂಡವರ ಕಣ್ಣಿನ ಬಾಧೆಯಿಂದ. ಅಂಗಿಯನ್ನು ತೆಗೆದು ಒಳಹೋಗಬೇಕಾದ ದೇವಾಲಯ, ಗರಡಿ, ಕೆರೆಯ ಸೋಪಾನ, ವಿದ್ಯಾರ್ಥಿನಿಲಯದ ಸ್ನಾನಗೃಹ ಇವೆಲ್ಲವೂ ಇಂತಹ ಯುವಕನಿಗೆ ಶಿಕ್ಷೆಯ ಸ್ಥಳಗಳು. ಬೇಸಗೆಯಲ್ಲಿಯೂ ಎರಡು ಬನಿಯನ್ನುಗಳನ್ನು ತೊಡುವುದು, ಭುಜಗಳನ್ನು ಮುಂದಕ್ಕೆ ಬಾಗಿಸಿ ನಡೆಯುವುದು, ಪುಸ್ತಕಗಳನ್ನು ಎದೆಗೆ ಒತ್ತಿ ಹಿಡಿಯುವುದು ಈ ವ್ಯಾಧಿಯ ಲಕ್ಷಣಗಳೆಂದೇ ಹೇಳಬೇಕು, ಗ್ರಂಥಗಳಲ್ಲಿ ಇವನ್ನು ಬರೆದಿರದಿದ್ದರೂ.

ಇದರಿಂದ ಈ ಚಿಕಿತ್ಸೆಗೆ ಒಂದು ವಿಶೇಷವಾದ ನಿರ್ಬಂಧವು ಒದಗುತ್ತದೆ. ಸಿಡಿಯಲಿರುವ ಅಪೆಂಡಿಕ್ಸನ್ನು ತೆಗೆಯುವಾಗ ಹೊಟ್ಟೆಯ ಮೇಲೆ ಉಳಿಯುವ ಕಲೆಯನ್ನು ರೋಗಿಯು ಸಂತೋಷದಿಂದ ಸಹಿಸುತ್ತಾನೆ, ಏಕೆಂದರೆ ಆ ಕಲೆಯ ಬೆಲೆಗೆ ಅವನಿಗೆ ಪ್ರಾಣವು ದೊರೆತಿದೆ. ಇಲ್ಲಿ ಹಾಗಲ್ಲ. ಎದೆಯ ಉಬ್ಬನ್ನು ತೆಗೆದು ಅದರ ಸ್ಥಾನದಲ್ಲಿ ಉದ್ದವಾದ ಗಾಯದ ಗುರುತನ್ನೋ ಬಟ್ಟಲಿನಂತಹ ಹಳ್ಳವನ್ನೋ ಉಳಿಸಿದರೆ, ಒಂದು ನಾಚಿಕೆಯ ಬದಲು ಇನ್ನೊಂದು ನಾಚಿಕೆಯನ್ನು ಕೊಟ್ಟಂತಾಯಿತೇ ಹೊರತು ಚಿಕಿತ್ಸೆ ನಡೆಯಲಿಲ್ಲ. ಆದುದರಿಂದ ಈ ಶಸ್ತ್ರಕ್ರಿಯೆಯಲ್ಲಿ ಏನನ್ನು ತೆಗೆಯಬೇಕು ಎಂಬ ಪ್ರಶ್ನೆಗಿಂತ ಏನನ್ನು ಉಳಿಸಬೇಕು, ಎಲ್ಲಿಂದ ಪ್ರವೇಶಿಸಬೇಕು ಎಂಬ ಪ್ರಶ್ನೆಗಳೇ ಮುಖ್ಯ. ಮುಂದೆ ಬರುವ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ ಇತಿಹಾಸ.

ಪುರುಷನಿಗೂ ಸ್ತನಗ್ರಂಥಿಯುಂಟು. ಮೊಲೆತೊಟ್ಟಿನ ಹಿಂದೆ ಕೆಲವು ಸಣ್ಣ ನಾಳಗಳು, ಅವುಗಳ ಸುತ್ತ ಸ್ವಲ್ಪ ನಾರು, ಸ್ವಲ್ಪ ಕೊಬ್ಬು. ಇಷ್ಟೇ ಅದರ ಸಂಪತ್ತು. ಬಾಲ್ಯದಲ್ಲಿ ಹುಡುಗನ ಸ್ತನಕ್ಕೂ ಹುಡುಗಿಯ ಸ್ತನಕ್ಕೂ ರಚನೆಯಲ್ಲಿ ಭೇದವಿಲ್ಲ. ಈಸ್ಟ್ರೋಜನ್ ಎಂಬ ಹಾರ್ಮೋನು ಈ ನಾಳಗಳನ್ನು ಬೆಳೆಯಲು ಪ್ರೇರಿಸುತ್ತದೆ; ವೃಷಣಗಳಲ್ಲಿ ಉತ್ಪನ್ನವಾಗುವ ಟೆಸ್ಟೋಸ್ಟಿರೋನ್ ಆ ಪ್ರೇರಣೆಯನ್ನು ತಡೆಯುತ್ತದೆ. ಎರಡೂ ಹಾರ್ಮೋನುಗಳು ಪ್ರತಿಯೊಬ್ಬ ಪುರುಷನ ರಕ್ತದಲ್ಲಿಯೂ ಇರುವುವು. ಅಷ್ಟೇ ಅಲ್ಲ, ಕೊಬ್ಬಿನಲ್ಲಿಯೂ ಇತರ ಅಂಗಾಂಶಗಳಲ್ಲಿಯೂ ಇರುವ ಆರೊಮಟೇಸ್ ಎಂಬ ಕಿಣ್ವವು ಟೆಸ್ಟೋಸ್ಟಿರೋನಿನ ಒಂದಂಶವನ್ನು ಸತತವಾಗಿ ಈಸ್ಟ್ರೋಜನ್ನಾಗಿ ಪರಿವರ್ತಿಸುತ್ತಿರುತ್ತದೆ. ಸ್ಥೂಲದೇಹಿಗಳಲ್ಲಿ ಈ ಪರಿವರ್ತನೆ ಹೆಚ್ಚು. ಹೀಗೆ ಸ್ತನವೃದ್ಧಿಗೆ ಕಾರಣವಾಗುವುದು ಯಾವುದೋ ಒಂದು ಹಾರ್ಮೋನಿನ ಇರವಲ್ಲ. ಎರಡರ ನಡುವಣ ಪ್ರಮಾಣದ ಏರುಪೇರು.

ಈ ಏರುಪೇರು ಮನುಷ್ಯನ ಆಯುಸ್ಸಿನಲ್ಲಿ ಮೂರು ಕಾಲಗಳಲ್ಲಿ ಸಹಜವಾಗಿಯೇ ತಲೆದೋರುತ್ತದೆ. ತಾಯಿಯ ಹಾರ್ಮೋನುಗಳು ಕೂಸಿನ ರಕ್ತದಲ್ಲಿ ಇನ್ನೂ ಉಳಿದಿರುವಾಗ ಅನೇಕ ನವಜಾತ ಶಿಶುಗಳ ಸ್ತನಗಳು ಉಬ್ಬಿರುತ್ತವೆ. ಕೆಲವು ವಾರಗಳಲ್ಲಿ ಇಳಿಯುತ್ತವೆ. ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಇದನ್ನು ಹಿಸುಕಿ ಹಾಲನ್ನು ತೆಗೆಯಲು ಹೋಗುವುದುಂಟು. ಅದು ಕೀವಿಗೆ ದಾರಿ, ಸರ್ವಥಾ ಕೂಡದು. ಎರಡನೆಯದು ತಾರುಣ್ಯಾಗಮದ ಕಾಲ. ಮೂರನೆಯದು ಐವತ್ತರ ನಂತರ, ಟೆಸ್ಟೋಸ್ಟಿರೋನ್ ಕುಗ್ಗಿ ಕೊಬ್ಬು ಹೆಚ್ಚುವಾಗ. ಇವುಗಳಲ್ಲಿ ಶಸ್ತ್ರವೈದ್ಯನ ಗಮನಕ್ಕೆ ಹೆಚ್ಚಾಗಿ ಬರುವುದು ಎರಡನೆಯದು. ೧೯೬೧ರಲ್ಲಿ ನೈಡಿಕ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಬಾಲಚಮೂ ಶಿಬಿರವೊಂದಕ್ಕೆ ಬಂದಿದ್ದ ೧,೮೫೫ ಹುಡುಗರನ್ನು ಪರೀಕ್ಷಿಸಿ, ನೂರಕ್ಕೆ ಸುಮಾರು ೩೯ ಮಂದಿಯಲ್ಲಿ ತೊಟ್ಟಿನ ಹಿಂದೆ ಗ್ರಂಥಿಯು ಬೆಳೆದಿರುವುದನ್ನು ವರದಿ ಮಾಡಿದರು. ಹದಿನಾಲ್ಕರ ವಯಸ್ಸಿನವರಲ್ಲಿ ಈ ಪ್ರಮಾಣವು ಎಲ್ಲಕ್ಕಿಂತ ಹೆಚ್ಚು. ತನಗೊಬ್ಬನಿಗೇ ಈ ಅವಸ್ಥೆ ಬಂದಿದೆಯೆಂದು ಗುಟ್ಟಾಗಿ ಕೊರಗುವ ಹುಡುಗನಿಗೆ ಅವನ ತರಗತಿಯಲ್ಲಿಯೇ ಹತ್ತಾರು ಮಂದಿ ಜೊತೆಗಾರರಿರುವರೆಂದು ತಿಳಿಸಿದರೆ, ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ. ಬಹುಪಾಲು ಹುಡುಗರಲ್ಲಿ ಒಂದೆರಡು ವರ್ಷಗಳೊಳಗೆ ಅದು ತಾನಾಗಿಯೇ ಕರಗುತ್ತದೆ. ಹೀಗಾಗಿ ಹದಿನಾಲ್ಕು ವರ್ಷದ ಹುಡುಗನ ಎದೆಗೆ ಶಸ್ತ್ರವನ್ನು ತಾಗಿಸುವುದು, ವಿಶೇಷ ಕಾರಣವಿಲ್ಲದಿದ್ದರೆ, ಅವಸರದ ಕೆಲಸ.

ಸಹಜವಲ್ಲದ ಕಾರಣಗಳೂ ಅನೇಕವಿವೆ. ಯಕೃತ್ತು ಗಟ್ಟಿಕಟ್ಟುವ ಸಿರೋಸಿಸ್ ರೋಗ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಮೂತ್ರಪಿಂಡಗಳ ವೈಫಲ್ಯ ಇವುಗಳಲ್ಲಿ ಸ್ತನವೃದ್ಧಿಯಾಗುವುದುಂಟು. ನಮ್ಮ ದೇಶದ ವೈದ್ಯರು ಮರೆಯಬಾರದ ಕಾರಣವೆಂದರೆ ಕುಷ್ಠ; ಅದರ ತೀವ್ರರೂಪದಲ್ಲಿ ವೃಷಣಗಳು ಕ್ಷಯಿಸಿ ಸ್ತನಗಳು ಬೆಳೆಯುತ್ತವೆ. ೧೯೪೨ರಲ್ಲಿ ಬಾಸ್ಟನ್ನಿನ ಕ್ಲೈನ್‌ಫೆಲ್ಟರ್, ರೈಫೆನ್‌ಸ್ಟೈನ್ ಮತ್ತು ಆಲ್‌ಬ್ರೈಟ್ ಎಂಬ ವೈದ್ಯರು ಸಣ್ಣ ವೃಷಣಗಳೂ ಬೆಳೆದ ಸ್ತನಗಳೂ ಇದ್ದ ಒಂಬತ್ತು ಮಂದಿ ಪುರುಷರನ್ನು ವರ್ಣಿಸಿದರು. ಇಂತಹವರ ಜೀವಕೋಶಗಳಲ್ಲಿ ಎಕ್ಸ್ ವರ್ಣತಂತು ಒಂದು ಹೆಚ್ಚಾಗಿರುತ್ತದೆಂಬುದು ೧೯೫೯ರಲ್ಲಿ ಎಡಿನ್‌ಬರೋದಲ್ಲಿ ಪತ್ತೆಯಾಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಕಂಡ ಇನ್ನೊಂದು ಸಂಗತಿ ಬಹು ವಿಚಿತ್ರವಾದುದು. ಜಪಾನೀಯರ ಸೆರೆಯಲ್ಲಿ ಹಸಿದು ಬಡಕಲಾಗಿದ್ದ ಸೈನಿಕರಿಗೆ ಹೊಟ್ಟೆತುಂಬ ಅನ್ನ ದೊರೆಯಲು ತೊಡಗಿದ ಮೇಲೆ ಹಲವರ ಸ್ತನಗಳು ಉಬ್ಬಿದವು. ಹಸಿವಿನಲ್ಲಿ ನಿದ್ರಿಸಿದ್ದ ಗ್ರಂಥಿಗಳು ಪುಷ್ಟಿ ದೊರೆತೊಡನೆ ಎಚ್ಚೆತ್ತು, ಅವರ ದೇಹವು ಮತ್ತೊಮ್ಮೆ ತಾರುಣ್ಯದ ಹೊಸ್ತಿಲನ್ನು ದಾಟಿತೆಂದು ಇದನ್ನು ವಿವರಿಸುತ್ತಾರೆ.

ಔಷಧಗಳ ಪಾತ್ರವನ್ನೂ ಇಲ್ಲಿಯೇ ಹೇಳಬೇಕು. ರಕ್ತದೊತ್ತಡಕ್ಕೂ ಬಾವಿಗೂ ಕೊಡುವ ಸ್ಪೈರೊನೊಲ್ಯಾಕ್ಟೋನ್, ಜಠರದ ಆಮ್ಲಕ್ಕೆ ಕೊಡುವ ಸಿಮೆಟಿಡೀನ್, ಬೂಷ್ಟು ರೋಗಗಳ ಕೀಟೊಕೊನಜೋಲ್, ಪ್ರಾಸ್ಟೇಟ್ ಗ್ರಂಥಿಯ ರೋಗಗಳಿಗೆ ಕೊಡುವ ಹಲವು ಔಷಧಗಳು ಸ್ತನವನ್ನು ಬೆಳೆಸಬಲ್ಲವು. ವ್ಯಾಯಾಮಶಾಲೆಗಳಲ್ಲಿ ಮಾಂಸಖಂಡಗಳನ್ನು ಹಿಗ್ಗಿಸಲು ಗುಟ್ಟಾಗಿ ಸೇವಿಸುವ ಸ್ಟಿರಾಯ್ಡುಗಳು ಪುರುಷತ್ವದ ಆಸೆಯಿಂದ ತೆಗೆದುಕೊಂಡವನಿಗೆ ಸ್ತ್ರೀಯ ಎದೆಯನ್ನು ದಯಪಾಲಿಸುತ್ತವೆ. ದೇಹದಲ್ಲಿ ಮಿತಿಮೀರಿದ ಆ ದ್ರವ್ಯದ ಒಂದಂಶ ಈಸ್ಟ್ರೋಜನ್ನಾಗಿ ಮಾರ್ಪಡುವುದೇ ಇದಕ್ಕೆ ಕಾರಣ.

ಆದುದರಿಂದ ಶಸ್ತ್ರಕ್ಕೆ ಮುನ್ನ ವಿಚಾರಣೆ. ಅದಕ್ಕೂ ಮುನ್ನ ಕೈಯ ಪರೀಕ್ಷೆ. ರೋಗಿಯನ್ನು ಮಲಗಿಸಿ ಹೆಬ್ಬೆರಳು ತೋರುಬೆರಳುಗಳಿಂದ ಸ್ತನವನ್ನು ಇಕ್ಕೆಲಗಳಿಂದ ತೊಟ್ಟಿನ ಕಡೆಗೆ ಮೆಲ್ಲನೆ ಕೂಡಿಸಿದಾಗ, ತೊಟ್ಟಿನ ಹಿಂದೆಯೇ ರಬ್ಬರಿನಂತೆ ಬಿಗಿಯಾದ ಬಿಲ್ಲೆಯೊಂದು ಬೆರಳಿಗೆ ಸಿಕ್ಕಿದರೆ ಅದು ನಿಜವಾದ ಗ್ರಂಥಿವೃದ್ಧಿ. ತೊಟ್ಟಿನವರೆಗೂ ಮೆತ್ತಗೆ ಏನೂ ತಡೆಯಿಲ್ಲದೆ ಬೆರಳುಗಳು ಕೂಡಿದರೆ ಅದು ಬರಿಯ ಕೊಬ್ಬು, ಮಿಥ್ಯಾವೃದ್ಧಿ. ಗೇಲೆನನು ಈ ಹೆಸರಿನಿಂದ ಸೂಚಿಸಿದ್ದು ಕೊಬ್ಬಿನ ಅಸಹಜವಾದ ಹೆಚ್ಚಳವನ್ನೇ. ಇಂದು ಅದೇ ಹೆಸರಿನ ವ್ಯಾಧಿಯಿಂದ ಕೊಬ್ಬನ್ನು ಹೊರಗಿಟ್ಟಿದ್ದೇವೆ. ಪದಗಳ ಬಾಳೂ ವಿಚಿತ್ರ. ಬಿಲ್ಲೆಯು ತೊಟ್ಟಿನ ಮಧ್ಯಕ್ಕಿರದೆ ಪಕ್ಕಕ್ಕೆ ಸರಿದು, ಕಲ್ಲಿನಂತೆ ಗಟ್ಟಿಯಾಗಿ, ಚರ್ಮಕ್ಕೆ ಅಂಟಿಕೊಂಡಿದ್ದರೆ, ಅಥವಾ ತೊಟ್ಟಿನಿಂದ ರಕ್ತ ಒಸರುತ್ತಿದ್ದರೆ, ಕ್ಯಾನ್ಸರನ್ನು ಶಂಕಿಸಬೇಕು. ಸ್ತನದ ಕ್ಯಾನ್ಸರುಗಳಲ್ಲಿ ಪುರುಷರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ‘ಗಂಡಸಿಗೆ ಇದು ಬಾರದು’ ಎಂಬ ಭ್ರಮೆಯಿಂದಲೇ ಅಂತಹವರು ತಡವಾಗಿ ವೈದ್ಯನನ್ನು ಕಾಣುತ್ತಾರೆ.

ವೃಷಣಗಳ ಪರೀಕ್ಷೆಯನ್ನು ಮಾಡದೆ ಸ್ತನವನ್ನು ಕತ್ತರಿಸುವ ವೈದ್ಯನನ್ನು ನಾನು ಕ್ಷಮಿಸಲಾರೆ. ವೃಷಣದಲ್ಲಿ ಬೆಳೆಯುವ ಕೆಲವು ಗೆಡ್ಡೆಗಳು ಹಾರ್ಮೋನುಗಳನ್ನು ಸ್ರವಿಸಿ ಸ್ತನವನ್ನು ಬೆಳೆಸುತ್ತವೆ; ಕೆಲವೊಮ್ಮೆ ಸ್ತನದ ಉಬ್ಬೇ ಅವುಗಳ ಮೊದಲ ಸೂಚನೆ. ಕಾಲಕ್ಕೆ ಸರಿಯಾಗಿ ಹಿಡಿದರೆ ಅವುಗಳಲ್ಲಿ ಹೆಚ್ಚಿನವು ಗುಣವಾಗತಕ್ಕವು. ಎದೆಯನ್ನು ಸಮಮಾಡಿಸಿಕೊಂಡು ಸಂತೋಷದಿಂದ ಮನೆಗೆ ಹೋದ ಯುವಕನು ಆ ಗೆಡ್ಡೆಯನ್ನು ಒಳಗಿಟ್ಟುಕೊಂಡೇ ಹೋದನೆಂದರೆ, ಆ ಶಸ್ತ್ರಕ್ರಿಯೆಯ ಕೌಶಲಕ್ಕೆ ಬೆಲೆಯೇನು? ಎರಡು ನಿಮಿಷಗಳ ಪರೀಕ್ಷೆ ಅದು.

ಕಾಯುವುದಕ್ಕೂ ಒಂದು ಮಿತಿಯುಂಟು. ಅದನ್ನು ಸೂಕ್ಷ್ಮದರ್ಶಕವು ತೋರಿಸಿಕೊಟ್ಟಿದೆ. ಸ್ತನವೃದ್ಧಿಯ ಆರಂಭದ ತಿಂಗಳುಗಳಲ್ಲಿ ನಾಳಗಳ ಒಳಪದರವು ಹುರುಪಿನಿಂದ ಬೆಳೆಯುತ್ತಿರುತ್ತದೆ, ಸುತ್ತಲಿನ ಅಂಗಾಂಶವು ಸಡಿಲವಾಗಿ ನೀರುಗಟ್ಟಿರುತ್ತದೆ. ನೋವು ತೋರುವುದು ಈ ಘಟ್ಟದಲ್ಲಿಯೇ. ಕಾರಣವನ್ನು ನಿವಾರಿಸಿದರೆ, ಅಥವಾ ಈಸ್ಟ್ರೋಜನಿನ ಕ್ರಿಯೆಯನ್ನು ತಡೆಯುವ ಟಮಾಕ್ಸಿಫೆನ್ ಎಂಬ ಔಷಧವನ್ನು ಕೆಲವು ತಿಂಗಳು ಕೊಟ್ಟರೆ, ಇಂತಹ ಗ್ರಂಥಿಯು ಇಳಿಯುವ ಸಂಭವವಿದೆ. ಸುಮಾರು ಒಂದು ವರ್ಷ ಕಳೆಯಿತೆಂದರೆ ನಾಳಗಳ ಸುತ್ತ ಗಟ್ಟಿಯಾದ ನಾರು ತುಂಬಿಕೊಳ್ಳುತ್ತದೆ. ನಾರನ್ನು ಕರಗಿಸುವ ಗುಳಿಗೆ ಇಲ್ಲ. ಅಂಗಮರ್ದನವೂ ಪಥ್ಯವೂ ದಂಡೆ ಬಸ್ಕಿಗಳೂ ಅದನ್ನು ಅಲುಗಿಸಲಾರವು. ತೂಕವನ್ನು ಇಳಿಸಿದರೆ ಸುತ್ತಲಿನ ಕೊಬ್ಬು ಕರಗಿ ಒಳಗಿನ ಬಿಲ್ಲೆ ಮತ್ತಷ್ಟು ಎದ್ದು ಕಾಣುವುದೂ ಉಂಟು. ಶಸ್ತ್ರಚಿಕಿತ್ಸೆಯ ಕ್ಷೇತ್ರವು ಇಲ್ಲಿಂದ ಮೊದಲಾಗುತ್ತದೆ.

ಈ ಶಸ್ತ್ರಕ್ರಿಯೆಯ ಅತಿ ಪ್ರಾಚೀನ ವರ್ಣನೆಗಳಲ್ಲಿ ಪ್ರಸಿದ್ಧವಾದುದು ಕ್ರಿ. ಶ. ಏಳನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಈಜಿನಾ ದ್ವೀಪದ ಪೌಲಸನದು. ಅವನ ವೈದ್ಯಸಂಗ್ರಹದ ಏಳು ಭಾಗಗಳಲ್ಲಿ ಆರನೆಯದು ಶಸ್ತ್ರವೈದ್ಯಕ್ಕೆ ಮೀಸಲು. ಹುಡುಗರ ಸ್ತನಗಳು ತಾರುಣ್ಯಾಗಮದಲ್ಲಿ ಉಬ್ಬಿ ಸಾಮಾನ್ಯವಾಗಿ ಇಳಿಯುವುವು, ಕೆಲವರಲ್ಲಿ ಮಾತ್ರ ಇಳಿಯದೆ ಬೆಳೆಯುತ್ತ ಹೋಗುವುವು ಎಂಬುದನ್ನು ಅವನು ಬಲ್ಲ. ಹೆಣ್ಣಿಗತನದ ಅಪವಾದವನ್ನು ತರುವುದರಿಂದ ಇದಕ್ಕೆ ಶಸ್ತ್ರಕ್ರಿಯೆ ಯುಕ್ತವೆಂದು ಅವನ ಅಭಿಪ್ರಾಯ. ಚಿಕಿತ್ಸೆಯ ಕಾರಣವು ಅಪವಾದವೇ ಹೊರತು ಬೇನೆಯಲ್ಲವೆಂದು ಹದಿಮೂರು ಶತಮಾನಗಳ ಹಿಂದೆಯೇ ಅವನು ಮುಚ್ಚುಮರೆಯಿಲ್ಲದೆ ಹೇಳಿರುವುದು ಗಮನಾರ್ಹ. ಅವನ ವಿಧಾನವಿದು: ಸ್ತನದ ಕೆಳಗೆ ಅರ್ಧಚಂದ್ರಾಕಾರವಾಗಿ ಛೇದಿಸಿ, ಚರ್ಮವನ್ನು ಬಿಡಿಸಿ, ಒಳಗಿನ ಕೊಬ್ಬನ್ನು ತೆಗೆದು, ಅಂಚುಗಳನ್ನು ಹೊಲಿಯುವುದು. ಸ್ತನವು ಭಾರದಿಂದ ಕೆಳಗೆ ಜೋತಿದ್ದರೆ ಒಂದರ ಬದಲು ಎರಡು ಅರ್ಧಚಂದ್ರಗಳು. ಅವುಗಳ ತುದಿಗಳು ಕೂಡಬೇಕು. ನಡುವಣ ಚರ್ಮವನ್ನೂ ತೆಗೆದುಹಾಕಬೇಕು. ಗ್ರಂಥಿಯ ಜೊತೆಗೆ ಚರ್ಮವೂ ಹೆಚ್ಚಾಗಿರುವ ರೋಗಿಯ ಸಮಸ್ಯೆ ಬೇರೆಯೆಂಬ ವಿವೇಕ ಈ ಒಂದು ಸೂಚನೆಯಲ್ಲಿ ಅಡಗಿದೆ. ಇಂದಿನ ವರ್ಗೀಕರಣಗಳೆಲ್ಲ ಈ ವಿವೇಕದ ವಿಸ್ತಾರವೆಂದರೆ ತಪ್ಪಾಗದು.

ಪೌಲಸನ ವಿದ್ಯೆ ಅರಬ್ಬೀ ಭಾಷೆಯ ಮೂಲಕ ಮುಂದುವರಿಯಿತು. ಸ್ಪೇನಿನ ಕಾರ್ಡೋಬದ ಬಳಿ ಬಾಳಿ ೧೦೧೩ರಲ್ಲಿ ತೀರಿಕೊಂಡನೆನ್ನುವ ಅಲ್-ಜಹ್ರಾವಿಯು ತನ್ನ ಮೂವತ್ತು ಭಾಗಗಳ ಬೃಹದ್ಗ್ರಂಥದ ಕೊನೆಯ ಭಾಗದಲ್ಲಿ ಇದೇ ಬಗೆಯ ಛೇದಗಳನ್ನು ವರ್ಣಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಆ ಭಾಗವು ಲ್ಯಾಟಿನ್ನಿಗೆ ಪರಿವರ್ತಿತವಾಗಿ ಯೂರೋಪಿನ ಶಸ್ತ್ರವೈದ್ಯರಿಗೆ ಪಾಠಪುಸ್ತಕವಾಯಿತು. ಹದಿನೈದನೆಯ ಶತಮಾನದಲ್ಲಿ ತುರ್ಕಿಯ ಸಬುಂಜುವೊಗ್ಲು ತನ್ನ ಸಚಿತ್ರ ಗ್ರಂಥದಲ್ಲಿ ಇದನ್ನು ಚಿತ್ರಸಹಿತ ಬರೆದನು. ಅರಿವಳಿಕೆಯೂ ಕ್ರಿಮಿನಾಶಕಗಳೂ ಇಲ್ಲದ ಆ ಕಾಲದಲ್ಲಿ ಬರಿಯ ಲಜ್ಜೆಯ ನಿವಾರಣೆಗಾಗಿ ಇಂತಹ ಯಾತನೆಗೆ ಮೈಯೊಡ್ಡಿದವರು ಇದ್ದರೆಂಬುದು ಆ ಲಜ್ಜೆಯ ಭಾರವನ್ನು ಅಳೆಯಲು ಸಾಕಾದ ಪ್ರಮಾಣ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅರಿವಳಿಕೆ ಬಂದ ಮೇಲೂ ಈ ವಿಷಯದಲ್ಲಿ ಬೇಗನೆ ಪ್ರಗತಿಯಾಗಲಿಲ್ಲ. ಸ್ತನದ ಕೆಳಗಣ ಮಡಿಕೆಯಲ್ಲಿ ಉದ್ದವಾಗಿ ಕೊಯ್ಯುವ ಪದ್ಧತಿಯೇ ನಡೆದುಬಂದಿತು. ಸ್ತ್ರೀಯರಲ್ಲಿ ಆ ಕಲೆಯನ್ನು ಸ್ತನವೇ ಮರೆಮಾಡುತ್ತದೆ; ಚಪ್ಪಟೆಯಾದ ಗಂಡಸಿನ ಎದೆಯಲ್ಲಿ ಮರೆಮಾಡಲು ಏನಿದೆ? ಮುಖ್ಯವಾದ ತಿರುವು ಇಪ್ಪತ್ತನೆಯ ಶತಮಾನದಲ್ಲಿ ಒದಗಿತು. ಪ್ಯಾರಿಸಿನ ದ್ಯುಫುರ್ಮಾಂಟೆಲ್ ೧೯೨೮ರಲ್ಲಿ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಮಂಡಲದ ಅಂಚಿನಲ್ಲಿ ಛೇದಿಸುವ ಮಾರ್ಗವನ್ನು ಸೂಚಿಸಿದನು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಜೆರೋಮ್ ವೆಬ್‌ಸ್ಟರ್ ೧೯೪೬ರಲ್ಲಿ ಮಂಡಲದೊಳಗಿನ ಅರ್ಧವೃತ್ತಾಕಾರದ ಛೇದವನ್ನು ವಿಸ್ತಾರವಾಗಿ ವಿವರಿಸಿ ಪ್ರಕಟಿಸಿದ ಲೇಖನದಿಂದ ಇದು ಜಗತ್ತಿನಲ್ಲೆಲ್ಲ ರೂಢಿಗೆ ಬಂದಿತು. ಇಂದಿಗೂ ಅದು ಅವನ ಹೆಸರಿನಿಂದಲೇ ಪರಿಚಿತ. ವೆಬ್‌ಸ್ಟರನು ಶಸ್ತ್ರವೈದ್ಯದ ಇತಿಹಾಸದಲ್ಲಿಯೂ ಪಂಡಿತ. ಹದಿನಾರನೆಯ ಶತಮಾನದಲ್ಲಿ ಮೂಗಿನ ಪುನಾರಚನೆಯನ್ನು ಮಾಡುತ್ತಿದ್ದ ಇಟಲಿಯ ಟಲ್ಯಕೋಟ್ಸಿಯನ್ನು ಕುರಿತು ಅವನು ಸಹಲೇಖಕಿಯೊಡನೆ ಬರೆದ ದೊಡ್ಡ ಗ್ರಂಥ ೧೯೫೦ರಲ್ಲಿ ಹೊರಬಂದಿತು. ಹಳೆಯದನ್ನು ಬಲ್ಲವನ ಕೈಯಲ್ಲಿಯೇ ಹೊಸದು ಹುಟ್ಟಿದುದು ಆಶ್ಚರ್ಯವಲ್ಲ.

ಆ ಜಾಗದ ವಿಶೇಷವೇನು? ಮಂಡಲದ ಕಪ್ಪು ಚರ್ಮವೂ ಸುತ್ತಲಿನ ತಿಳಿ ಚರ್ಮವೂ ಕೂಡುವ ರೇಖೆಯಲ್ಲಿ ಬಣ್ಣದ ಬದಲಾವಣೆ ಆಗಲೇ ಇದೆ. ಅಲ್ಲಿ ಬೀಳುವ ಸಣ್ಣ ಕಲೆಯನ್ನು ನೋಡುವವನ ಕಣ್ಣು ಆ ಬದಲಾವಣೆಯ ಅಂಶವೆಂದೇ ಗ್ರಹಿಸುತ್ತದೆ. ನಮ್ಮಂತಹ ಕಪ್ಪು ಮೈಬಣ್ಣದ ಜನರಲ್ಲಿ ಎದೆಯ ನಡುಭಾಗದ ಗಾಯಗಳು ಉಬ್ಬಿ ಕೀಲಾಯ್ಡ್ ಆಗುವ ಭಯ ಹೆಚ್ಚು. ಮಂಡಲದ ಅಂಚಿನ ಗಾಯಗಳು ಸಾಮಾನ್ಯವಾಗಿ ತೆಳ್ಳನೆಯ ಗೆರೆಯಾಗಿ ಮಾಯುತ್ತವೆ. ಛೇದವು ಮಂಡಲದ ಕೆಳಗಣ ಅರ್ಧಕ್ಕೆ ಸೀಮಿತವಾಗಿರುವುದಕ್ಕೂ ಕಾರಣವಿದೆ. ತೊಟ್ಟಿಗೆ ಬೇಕಾದ ರಕ್ತವು ಸುತ್ತಲಿನ ಚರ್ಮದ ಒಳಪದರದಿಂದ ಬರತಕ್ಕದ್ದು. ಮೇಲಣ ಅರ್ಧವನ್ನು ಮುಟ್ಟದಿದ್ದರೆ ಆ ದಾರಿ ತೆರೆದಿರುತ್ತದೆ.

ಈಗ ಕ್ರಿಯೆಯನ್ನೇ ನೋಡೋಣ. ರೋಗಿಯು ನಿಂತಿರುವಾಗಲೇ ಉಬ್ಬಿನ ಎಲ್ಲೆಗಳನ್ನು ಶಾಯಿಯಿಂದ ಗುರುತಿಸುತ್ತಾರೆ. ಮಲಗಿದರೆ ಕೊಬ್ಬು ಪಕ್ಕಕ್ಕೆ ಸರಿದು ಎಲ್ಲೆ ತಪ್ಪುತ್ತದೆ. ಅರಿವಳಿಕೆಯ ಬಳಿಕ ಕೆಳಗಣ ಅರ್ಧವೃತ್ತವನ್ನು ಕೊಯ್ದು, ಮಂಡಲವನ್ನು ಮೇಲಕ್ಕೆ ಎತ್ತಿ, ಬಿಳಿಯಾಗಿ ಹೊಳೆಯುವ ಗ್ರಂಥಿಯನ್ನು ಸುತ್ತಲಿನ ಹಳದಿ ಕೊಬ್ಬಿನಿಂದ ಬಿಡಿಸುತ್ತ ಹೋಗುತ್ತಾರೆ. ಇಲ್ಲಿಯೇ ಆರಂಭದಲ್ಲಿ ಹೇಳಿದ ‘ಏನನ್ನು ಉಳಿಸಬೇಕು’ ಎಂಬ ಪ್ರಶ್ನೆ ಎದುರಾಗುವುದು. ಶಸ್ತ್ರವೈದ್ಯನ ಕೈ ಸ್ವಭಾವತಃ ಪೂರ್ಣವಾಗಿ ತೆಗೆಯಲು ಬಯಸುತ್ತದೆ. ಅವನಿಗೆ ಕಲಿಸಿರುವುದೂ ಹಾಗೆಯೇ. ಆದರೆ ತೊಟ್ಟಿನ ಹಿಂದಿನ ಗ್ರಂಥಿಯನ್ನು ನಿಶ್ಶೇಷವಾಗಿ ತೆಗೆದರೆ ತೊಟ್ಟಿಗೆ ಆಧಾರ ತಪ್ಪಿ, ಅದು ಮಾಂಸಖಂಡದ ಮೇಲಕ್ಕೆ ಕುಸಿದು ಅಂಟಿಕೊಳ್ಳುತ್ತದೆ. ಸುತ್ತಲೂ ಕೊಬ್ಬಿನ ದಂಡೆ, ನಡುವೆ ತಟ್ಟೆಯಂತಹ ತಗ್ಗು. ತೋಳನ್ನೆತ್ತಿದರೆ ತೊಟ್ಟು ಒಳಕ್ಕೆ ಸೆಳೆಯುತ್ತದೆ. ಈ ವಿಕಾರವನ್ನು ಸರಿಪಡಿಸುವುದು ಮೂಲವ್ಯಾಧಿಯನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಕಷ್ಟ. ಇದನ್ನು ತಪ್ಪಿಸಲು ಮಂಡಲದ ಹಿಂದೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಯನ್ನು ಬೇಕೆಂದೇ ಬಿಡುತ್ತಾರೆ. ಮಾಂಸಖಂಡದ ಹೊದಿಕೆಯ ಮೇಲೂ ಕೊಬ್ಬಿನ ತೆಳುಪದರವನ್ನು ಬಿಡುತ್ತಾರೆ. ಅಂಚುಗಳನ್ನು ಗದ್ದೆಯ ಬದುವಿನಂತೆ ಕಡಿದು ನಿಲ್ಲಿಸದೆ ಇಳಿಜಾರಾಗಿ ಹೊಂದಿಸುತ್ತಾರೆ. ಉಳಿದ ಬಿಲ್ಲೆಯಿಂದ ವ್ಯಾಧಿ ಮರುಕಳಿಸದೇ ಎಂದು ವಾಚಕರು ಕೇಳಬಹುದು. ಮೂಲಕಾರಣವು ಮುಂದುವರಿಯುತ್ತಿದ್ದರೆ, ಉದಾಹರಣೆಗೆ ಸ್ಟಿರಾಯ್ಡುಗಳ ಸೇವನೆ ನಿಲ್ಲದಿದ್ದರೆ, ಮರುಕಳಿಸಬಹುದು. ಇತರರಲ್ಲಿ ಅದು ಅಪರೂಪ.

ಎಲ್ಲ ಎದೆಗಳೂ ಒಂದೇ ಬಗೆಯವಲ್ಲ. ೧೯೭೩ರಲ್ಲಿ ಸೈಮನ್, ಹಾಫ್‌ಮನ್ ಮತ್ತು ಕಾನ್ ಎಂಬುವರು ಮಾಡಿದ ವರ್ಗೀಕರಣವು ಸರಳತೆಯಿಂದಾಗಿ ಈಗಲೂ ಬಳಕೆಯಲ್ಲಿದೆ. ಸಣ್ಣ ಉಬ್ಬು, ಹೆಚ್ಚಿನ ಚರ್ಮವಿಲ್ಲ: ಇದು ಮೊದಲನೆಯ ವರ್ಗ. ಮಧ್ಯಮ ಗಾತ್ರದ ಉಬ್ಬು ಎರಡನೆಯದು. ಚರ್ಮವು ಹೆಚ್ಚಾಗಿದೆಯೆ ಇಲ್ಲವೆ ಎಂಬುದರ ಮೇಲೆ ಇದರಲ್ಲಿ ಎರಡು ಉಪವರ್ಗಗಳು. ಜೋತುಬಿದ್ದ ಸ್ತ್ರೀಸ್ತನವನ್ನೇ ಹೋಲುವುದು ಮೂರನೆಯ ವರ್ಗ. ವರ್ಗಗಳನ್ನು ಬೇರ್ಪಡಿಸುವ ಅಂಶ ಗಾತ್ರದಷ್ಟೇ ಚರ್ಮವೂ ಆಗಿರುವುದನ್ನು ವಾಚಕರು ಗಮನಿಸಬೇಕು. ಒಳಗಿನ ಗ್ರಂಥಿಯನ್ನು ತೆಗೆಯುವುದು ಯಾವಾಗಲೂ ಸಾಧ್ಯ. ಬರಿದಾದ ಚರ್ಮದ ಚೀಲವನ್ನು ಏನು ಮಾಡುವುದೆಂಬುದೇ ತೊಡಕು. ಯುವಕರ ಚರ್ಮಕ್ಕೆ ಕುಗ್ಗುವ ಶಕ್ತಿ ಬಹಳ. ಮೊದಲೆರಡು ವರ್ಗಗಳಲ್ಲಿ ಚರ್ಮವನ್ನು ಮುಟ್ಟದೆ ಆರು ತಿಂಗಳು, ಬೇಕಾದರೆ ಒಂದು ವರ್ಷ, ಕಾದರೆ ಅದು ಎದೆಗೆ ತಾನಾಗಿ ಹೊಂದಿಕೊಳ್ಳುವುದನ್ನು ಕಾಣಬಹುದು. ಮೊದಲ ದಿನವೇ ಚರ್ಮವನ್ನು ಕತ್ತರಿಸಿ ಕಲೆಯನ್ನು ಉಂಟುಮಾಡುವುದು ತಾಳ್ಮೆಯ ಕೊರತೆಯ ಲಕ್ಷಣ. ಕತ್ತರಿಸಿದ ಚರ್ಮವನ್ನು ಮರಳಿ ತರಲಾಗದು.

೧೯೭೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಇಲ್ಲೂಸ್ ಎಂಬ ವೈದ್ಯನು ಮೊಂಡಾದ ತುದಿಯ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ವಿಧಾನವನ್ನು ರೂಢಿಸಿದನು. ೧೯೮೩ರಲ್ಲಿ ತೈಮೂರಿಯನ್ ಮತ್ತು ಪರ್ಲ್‌ಮನ್ ಎಂಬುವರು ಪುರುಷಸ್ತನವೃದ್ಧಿಯಲ್ಲಿ ಇದರ ಪ್ರಯೋಗವನ್ನು ವರದಿಮಾಡಿದರು. ಕೆಲವೇ ಮಿಲಿಮೀಟರುಗಳ ರಂಧ್ರದ ಮೂಲಕ ಕೊಳವೆಯನ್ನು ತೂರಿಸಿ, ಬೀಸಣಿಗೆಯ ಕಡ್ಡಿಗಳಂತೆ ಎಲ್ಲ ದಿಕ್ಕುಗಳಲ್ಲಿಯೂ ಆಡಿಸಿ, ಕೊಬ್ಬನ್ನು ಸೆಳೆಯುತ್ತಾರೆ. ೧೯೮೭ರಲ್ಲಿ ಅಮೆರಿಕದ ಕ್ಲೈನ್ ಎಂಬ ಚರ್ಮವೈದ್ಯನು ಲಿಗ್ನೊಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ಹೇರಳವಾದ ಲವಣದ್ರವವನ್ನು ಮೊದಲೇ ತುಂಬುವ ಉಪಾಯವನ್ನು ಪ್ರಕಟಿಸಿದನು. ಇದರಿಂದ ರಕ್ತಸ್ರಾವವು ಅತ್ಯಲ್ಪವಾಯಿತು. ಕಲೆಯೇ ಕಾಣದ ಈ ವಿಧಾನವು ಬಹಳ ಆಕರ್ಷಕ. ಜಾಹೀರಾತುಗಳಲ್ಲಿ ಇದೇ ಸರ್ವಸ್ವವೆಂಬಂತೆ ತೋರುತ್ತದೆ. ಆದರೆ ಕೊಳವೆಯು ಹೀರಬಲ್ಲದ್ದು ಕೊಬ್ಬನ್ನು. ನಾರುಗಟ್ಟಿದ ಗ್ರಂಥಿಯು ಅದಕ್ಕೆ ಜಗ್ಗದು. ಮಿಥ್ಯಾವೃದ್ಧಿಗೆ ಹೀರಿಕೆಯೊಂದೇ ಸಾಕು. ನಿಜವಾದ ವೃದ್ಧಿಯಲ್ಲಿ ಹೀರಿಕೆಯೊಂದನ್ನೇ ಮಾಡಿದರೆ ಬಾವು ಇಳಿದ ಮೇಲೆ ತೊಟ್ಟಿನ ಹಿಂದೆ ಹಳೆಯ ಬಿಲ್ಲೆ ಗೋಲಿಯಂತೆ ಎದ್ದು ನಿಲ್ಲುತ್ತದೆ. ಹೀಗಾಗಿ ಇಂದು ಬಹುತೇಕ ಎರಡನ್ನೂ ಕೂಡಿಸುತ್ತಾರೆ. ಸುತ್ತಲಿನ ಕೊಬ್ಬಿಗೆ ಕೊಳವೆ, ನಡುವಣ ಗ್ರಂಥಿಗೆ ವೆಬ್‌ಸ್ಟರನ ಛೇದ. ಎದೆಯ ಅಂಚುಗಳನ್ನು ಇಳಿಜಾರಾಗಿ ಹೊಂದಿಸುವ ಕೆಲಸವನ್ನು ಕತ್ತರಿಗಿಂತ ಕೊಳವೆಯೇ ಸೊಗಸಾಗಿ ಮಾಡುತ್ತದೆಂಬುದನ್ನು ಒಪ್ಪಬೇಕು. ಕೆಲವರು ಕೊಳವೆಯ ಸಣ್ಣ ರಂಧ್ರದಿಂದಲೇ ಗ್ರಂಥಿಯನ್ನು ಹಿಡಿದೆಳೆದು ತುಂಡುತುಂಡಾಗಿ ಕತ್ತರಿಸಿ ತೆಗೆಯುತ್ತಾರೆ. ನುರಿತ ಕೈಗೆ ಅದೂ ಸಾಧ್ಯ.

ಶಸ್ತ್ರಕ್ರಿಯೆಯ ನಂತರದ ತೊಡಕುಗಳಲ್ಲಿ ಮುಖ್ಯವಾದುದು ರಕ್ತವು ಒಳಗೆ ಶೇಖರವಾಗುವುದು. ಸಣ್ಣ ಛೇದದ ಮೂಲಕ ದೊಡ್ಡ ಕುಹರದೊಳಗೆ ಕೆಲಸ ಮಾಡುವುದರಿಂದ ಎಲ್ಲೋ ಮೂಲೆಯಲ್ಲಿ ಒಂದು ರಕ್ತನಾಳವು ಕಣ್ತಪ್ಪಬಹುದು. ಒಂದು ಕಡೆಯ ಎದೆ ಮೊದಲ ರಾತ್ರಿಯೇ ಉಬ್ಬಿ ಬಿಗಿದು ನೋಯತೊಡಗಿದರೆ, ಬೆಳಗಾಗಲಿ ಎಂದು ಕಾಯದೆ ಗಾಯವನ್ನು ತೆರೆದು ರಕ್ತವನ್ನು ಹೊರತೆಗೆಯಬೇಕು. ಇದಕ್ಕಾಗಿಯೇ ಹಲವರು ಒಂದೆರಡು ದಿನ ನಳಿಗೆಯನ್ನು ಇಟ್ಟಿರುತ್ತಾರೆ. ಕೆಲವು ವಾರಗಳ ಕಾಲ ಬಿಗಿಯಾದ ಒಳಂಗಿಯನ್ನು ತೊಡಲು ಹೇಳುತ್ತಾರೆ. ತೊಟ್ಟಿನ ಸ್ಪರ್ಶಜ್ಞಾನ ಮಂದವಾಗಬಹುದು; ಬಹುಮಟ್ಟಿಗೆ ತಿಂಗಳುಗಳಲ್ಲಿ ಮರಳುತ್ತದೆ. ಎರಡು ಪಾರ್ಶ್ವಗಳೂ ಅಳತೆಯಿಟ್ಟಂತೆ ಒಂದೇ ಆಗುವುದಿಲ್ಲ, ಮೊದಲೂ ಇರಲಿಲ್ಲ. ಇದನ್ನು ರೋಗಿಗೆ ಶಸ್ತ್ರಕ್ರಿಯೆಯ ಮುನ್ನಾದಿನ ಹೇಳಿದರೆ ವಿವರಣೆ, ಮಾರನೆಯ ದಿನ ಹೇಳಿದರೆ ನೆಪ.

ಈ ಚಿಕಿತ್ಸೆಯನ್ನು ‘ಬರಿಯ ಅಲಂಕಾರದ್ದು’ ಎಂದು ತಳ್ಳಿಹಾಕುವವರೂ ಉಂಟು. ಇವರಿಗೆ ಒಂದು ಮಾತನ್ನು ಹೇಳಬಹುದು. ಸೀಳುತುಟಿಯ ಕೂಸಿಗೆ ತುಟಿಯನ್ನು ಹೊಲಿಯುವಾಗ ಹಾಲೂಡಿಕೆಯ ಅನುಕೂಲವೊಂದೇ ಉದ್ದೇಶವೆಂದು ಯಾರೂ ವಾದಿಸುವುದಿಲ್ಲ. ನಾಲ್ಕು ಜನರ ನಡುವೆ ಮುಖವೆತ್ತಿ ಬಾಳಲಿ ಎಂಬುದೂ ಅದರ ಉದ್ದೇಶ. ಎದೆಯ ವಿಷಯದಲ್ಲಿ ಬೇರೆ ನ್ಯಾಯವೇಕೆ? ಆದರೆ ಇದರ ಮತ್ತೊಂದು ಪಕ್ಕವನ್ನೂ ನೋಡಬೇಕು. ಚಿತ್ರಪಟದ ನಾಯಕರ ಎದೆಗೆ ತನ್ನ ಎದೆಯನ್ನು ಹೋಲಿಸಿಕೊಂಡು, ಪರೀಕ್ಷೆಯಲ್ಲಿ ಏನೂ ದೊರೆಯದ ಸಹಜವಾದ ಮೈಯನ್ನು ಕತ್ತರಿಸಿರೆಂದು ಕೇಳಿ ಬರುವವನಿಗೆ ಶಸ್ತ್ರದಿಂದ ಹಿತವಾಗದು. ಅವನನ್ನು ಹಿಂದಕ್ಕೆ ಕಳುಹಿಸುವ ಧೈರ್ಯವೂ ವೈದ್ಯನಲ್ಲಿರಬೇಕು.

ಇನ್ನು ಮೂರನೆಯ ವರ್ಗದ ದೊಡ್ಡ ಸ್ತನಗಳು. ಇತ್ತೀಚಿನ ವರ್ಷಗಳಲ್ಲಿ ಅತಿಸ್ಥೌಲ್ಯಕ್ಕೆ ಜಠರದ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡು ಐವತ್ತು ಅರವತ್ತು ಕಿಲೋ ತೂಕವನ್ನು ಕಳೆದುಕೊಂಡವರಲ್ಲಿ ಇವು ಹೆಚ್ಚಾಗಿ ಕಾಣುತ್ತಿವೆ. ಅವರ ಎದೆಯಲ್ಲಿ ಗ್ರಂಥಿ ಸ್ವಲ್ಪ, ಚರ್ಮ ಅಪಾರ. ಹಿಗ್ಗಿ ಸೋತ ಆ ಚರ್ಮಕ್ಕೆ ಕುಗ್ಗುವ ಶಕ್ತಿ ಉಳಿದಿರುವುದಿಲ್ಲ. ಇಲ್ಲಿ ಕಾದು ಪ್ರಯೋಜನವಿಲ್ಲ. ಮಂಡಲದ ಸುತ್ತ ಎರಡು ಏಕಕೇಂದ್ರ ವೃತ್ತಗಳನ್ನು ಎಳೆದು, ನಡುವಣ ಉಂಗುರದಂತಹ ಚರ್ಮವನ್ನು ತೆಗೆದು, ಹೊರ ಅಂಚನ್ನು ಹಣದ ಚೀಲದ ಬಾಯಿಯಂತೆ ದಾರದಿಂದ ಬಿಗಿಯುವುದು ಒಂದು ಮಾರ್ಗ. ೧೯೭೯ರಲ್ಲಿ ಡೇವಿಡ್‌ಸನ್ ಇಂತಹ ಏಕಕೇಂದ್ರ ವೃತ್ತಗಳ ಕ್ರಮವನ್ನು ವಿವರಿಸಿದನು. ಅದೂ ಸಾಲದಿದ್ದಾಗ ತೊಟ್ಟನ್ನು ಮಂಡಲದೊಡನೆ ಚರ್ಮದ ತುಣುಕಾಗಿ ಬಿಡಿಸಿಟ್ಟುಕೊಂಡು, ಹೆಚ್ಚಿನ ಚರ್ಮ ಗ್ರಂಥಿಗಳನ್ನೆಲ್ಲ ಅಡ್ಡವಾಗಿ ತೆಗೆದು, ಗಾಯವನ್ನು ಹೊಲಿದ ಮೇಲೆ ತೊಟ್ಟನ್ನು ಸರಿಯಾದ ಸ್ಥಳದಲ್ಲಿ ನಾಟಿಮಾಡುತ್ತಾರೆ. ಎದೆಯ ಅಡ್ಡಕ್ಕೆ ಉದ್ದವಾದ ಕಲೆ ಉಳಿಯುತ್ತದೆ; ತೊಟ್ಟಿನ ಸ್ಪರ್ಶವೂ ಬಹುಪಾಲು ಹೋಗುತ್ತದೆ. ಪೌಲಸನ ಎರಡು ಅರ್ಧಚಂದ್ರಗಳಿಂದ ಇದು ಬಹು ದೂರವೇನೂ ಸಾಗಿಲ್ಲ. ಆ ಕಲೆಯನ್ನು ಸ್ತನದ ಕೆಳಗಣ ಮಾಂಸಖಂಡದ ಅಂಚಿನ ನೆರಳಿನಲ್ಲಿ ಕೂರಿಸುವುದೊಂದೇ ಶಸ್ತ್ರವೈದ್ಯನಿಗೆ ಉಳಿದಿರುವ ಸ್ವಾತಂತ್ರ್ಯ.

ತೆಗೆದ ಅಂಗಾಂಶವನ್ನು, ಅದು ಎಷ್ಟೇ ಸಾಧಾರಣವಾಗಿ ಕಂಡರೂ, ಎಡಬಲಗಳನ್ನು ಬೇರೆಬೇರೆಯಾಗಿ ಗುರುತಿಸಿ ರೋಗವಿಜ್ಞಾನದ ಪ್ರಯೋಗಶಾಲೆಗೆ ಕಳುಹಿಸಬೇಕು. ಹದಿನೆಂಟರ ಯುವಕನ ಗ್ರಂಥಿಯಲ್ಲಿ ಕ್ಯಾನ್ಸರು ದೊರೆಯುವುದು ಅತ್ಯಂತ ವಿರಳ. ಆದರೆ ಕ್ಲೈನ್‌ಫೆಲ್ಟರ್ ವರ್ಣಿಸಿದ ವರ್ಗದ ಪುರುಷರಲ್ಲಿ ಸ್ತನದ ಕ್ಯಾನ್ಸರು ಇತರ ಪುರುಷರಿಗಿಂತ ಹಲವು ಪಟ್ಟು ಹೆಚ್ಚು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಸ್ಥಿತಿಯೇ ತಿಳಿದಿರುವುದಿಲ್ಲ. ಮಂಡಲದ ಹಿಂದೆ ಬಿಲ್ಲೆಯೊಂದನ್ನು ಉಳಿಸಿದ ಶಸ್ತ್ರವೈದ್ಯನು ಇಂತಹ ರೋಗಿಗೆ ಅದನ್ನು ತಿಳಿಸಿ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳುವಂತೆ ಚೀಟಿಯಲ್ಲಿ ಬರೆದುಕೊಡತಕ್ಕದ್ದು.